ನಡುಹಾಲು

ನನ್ನ ಮಗಳು ತಡವಾಗಿ ಬೆಚ್ಚುತ್ತಾಳೆ. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ನನ್ನ ಹೆಗಲು ಮೇಲೇಳುತ್ತದೆ, ನನ್ನ ಗಂಡನ ಕೈಯ ಲೋಟ ತುಳುಕುತ್ತದೆ, ಮೂಲೆಯಲ್ಲಿ ಮಲಗಿದ ಬೆಕ್ಕು ಕೂಡ ಒಂದು ಗೇಣು ನೆಗೆಯುತ್ತದೆ. ಸಂಪಿ ಮಾತ್ರ ತಟ್ಟೆಯ ಕಡೆ ನೋಡುವುದಿಲ್ಲ, ನನ್ನ ಹೆಗಲ ಕಡೆ ನೋಡುತ್ತಾಳೆ. ನೋಡಿ, ಒಂದು ಉಸಿರಿನಷ್ಟು ಹೊತ್ತು ಬಿಟ್ಟು, ತನ್ನ ಎರಡೂ ಹೆಗಲನ್ನು ಕಿವಿಯವರೆಗೆ ಎತ್ತಿ, ಹಿಮ್ಮಡಿಯನ್ನೂ ಎತ್ತಿ ಇಳಿಸುತ್ತಾಳೆ. ಆಮೇಲೆ ಮಾಡುತ್ತಿದ್ದ ಕೆಲಸಕ್ಕೆ ತಿರುಗುತ್ತಾಳೆ. ಅವಳಿಗೀಗ ಏಳು ವರ್ಷ. ಇದನ್ನು ಮೊದಲ ಸಲ ಕಂಡ ದಿನ ನಾನು ದೇವರ ಮುಂದೆ ಎರಡು ದೀಪ ಹಚ್ಚಿದೆ. ಬಂತು, ಕೊನೆಗೂ ಬಂತು ಅಂದುಕೊಂಡೆ. ಅದು ತಾನಾಗಿ ಬಂದದ್ದಲ್ಲ, ಯಾರೋ ಕೂರಿಸಿಕೊಂಡು ಕಲಿಸಿದ್ದು ಎಂದು ಗೊತ್ತಾಗಲು ಇನ್ನೂ ಒಂಬತ್ತು ದಿನ ಬೇಕಾಯಿತು. ಕಲಿಸಿದವರು ಯಾರೆಂದು ತಿಳಿದ ಮೇಲೆ ನನಗೆ ತಲೆ ಎತ್ತಿ ಬೀದಿಯಲ್ಲಿ ನಡೆಯುವುದು ಕಷ್ಟವಾಯಿತು.

ನಮ್ಮ ಊರಿನಲ್ಲಿ ಕೂಸು ಹುಟ್ಟುವಾಗ ಅವರೆಕಾಳಿನಷ್ಟಿರುತ್ತದೆ. ಹುಟ್ಟಿದ್ದೇ ತಾನೇ ದಾರಿ ಹುಡುಕಿಕೊಂಡು ತಾಯಿಯ ಹೊಟ್ಟೆಯ ಮೇಲಿನ ಚರ್ಮದ ಚೀಲದಂಥ ಮಡಿಲೊಳಗೆ ಸೇರಿ ಒಂದು ಮೊಲೆ ಕಚ್ಚಿಕೊಳ್ಳುತ್ತದೆ. ಕಚ್ಚಿದ್ದನ್ನು ಆರು ತಿಂಗಳು ಬಿಡುವುದಿಲ್ಲ. ಹಾಲು ಕೂಸಿನ ಜೊತೆಗೇ ಬದಲಾಗುತ್ತ ಹೋಗುತ್ತದೆ. ಮೊದಲ ಮೂರು ತಿಂಗಳು ತಿಳಿಹಾಲು, ಅಕ್ಕಿ ಬಸಿದ ನೀರಿನ ಹಾಗೆ. ಅದು ಉಸಿರಿಗೆ ಮತ್ತು ಎಲುಬಿಗೆ. ಏಳನೇ ತಿಂಗಳಿಂದ ಕೊನೆಹಾಲು, ಬೆರಳಲ್ಲಿ ತೆಗೆದರೆ ಬೆರಳಿಗೇ ಅಂಟುವಂಥದ್ದು. ಅದು ಮೈಗೆ, ಕೂದಲಿಗೆ, ಕಾಲಿಗೆ. ನಡುವೆ ಮೂರು ತಿಂಗಳು ಬರುವುದು ನಡುಹಾಲು. ಅದರ ಬಣ್ಣ ಸ್ವಲ್ಪ ನೀಲಿ. ಅದು ಯಾವುದಕ್ಕೆ ಎಂದು ಕೇಳಿದರೆ ಹಳಬರು ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ಕಣ್ಣಿಗೆ ಕಾಣುವ ಯಾವುದಕ್ಕೂ ಅಲ್ಲ ಅನ್ನುತ್ತಿದ್ದರು. ಎರಡು ಮಕ್ಕಳ ತಾಯಿಯಾದರೆ ಹೊರಗೆ ಓಡಾಡಿ ಬಂದ ದೊಡ್ಡದಕ್ಕೆ ಒಂದು ಮೊಲೆಯಲ್ಲಿ ಕೊನೆಹಾಲು, ಪಕ್ಕದಲ್ಲೇ ಅವರೆಕಾಳಿನಷ್ಟಿರುವುದಕ್ಕೆ ತಿಳಿಹಾಲು. ಯಾವುದು ಯಾರದೆಂದು ಕೂಸುಗಳಿಗೆ ಗೊತ್ತು, ಮೈಗೂ ಗೊತ್ತು. ತಪ್ಪುವುದು ನಾವು ಕೈ ಹಾಕಿದಾಗ ಮಾತ್ರ.

ಮಡಿಲ ಕೂಸನ್ನು ನಾವು ಬೆಳಕಿಗೆ ಹಿಡಿಯುವುದಿಲ್ಲ. ಎಷ್ಟು ತಿಂಗಳಾಯಿತು ಎಂದು ಒಬ್ಬರನ್ನೊಬ್ಬರು ಕೇಳುವುದೂ ಇಲ್ಲ, ಅದು ಅನಾಚಾರ. ಸೂಲಗಿತ್ತಿ ಓಬಜ್ಜಿ ಪ್ರತಿ ಅಮಾವಾಸ್ಯೆಯ ಮರುದಿನ ಮನೆಮನೆಗೆ ಬಂದು, ಮಡಿಲೊಳಗೆ ಕೈಯಿಟ್ಟು ಕೂಸಿನ ಉಡಿದಾರಕ್ಕೆ ಒಂದು ಗಂಟು ಹಾಕಿ ಹೋಗುತ್ತಾಳೆ. ಅವಳ ಎರಡೂ ಕಣ್ಣು ಆಗಲೇ ಮಂಜಾಗಿದ್ದವು. ನಲವತ್ತು ಮನೆಯ ಕೂಸುಗಳಲ್ಲಿ ಯಾವುದಕ್ಕೆ ಎಷ್ಟಾಯಿತೆಂದು ಅವಳಿಗೂ ನೆನಪಿರುವುದಿಲ್ಲ. ಗಂಟುಗಳೇ ಅವಳ ನೆನಪು, ಊರಿನ ನೆನಪೂ ಅವೇ. ಹನ್ನೊಂದು ಗಂಟಾದ ಕೂಸನ್ನು ಹೊಳೆದಂಡೆಯ ಕಟ್ಟೆಯ ಮೇಲೆ ಎಲ್ಲರ ಎದುರು ನೆಲಕ್ಕಿಳಿಸುತ್ತಾರೆ.

ನಾನು ಹೆಂಚು ಸುಡುವ ಆವಿಗೆಯಲ್ಲಿ ಬೆಂಕಿ ನೋಡುವವಳು. ಆವಿಗೆಯ ಗೋಡೆಯಲ್ಲಿ ಕೈ ಹಿಡಿಸುವಷ್ಟು ಒಂದು ಕಂಡಿ ಇದೆ, ಅದರ ಮುಂದೆ ನನ್ನ ಅಪ್ಪ ಕೂರುತ್ತಿದ್ದ ಹಲಸಿನ ಮಣೆ. ಅದರ ಮೇಲೆ ಕೂತು ಒಳಗಿನ ಬಣ್ಣ ನೋಡಬೇಕು. ಮೊದಲು ಹಳೇ ಹುಣಸೆಯ ಬಣ್ಣ, ಆಮೇಲೆ ಕೇಸರಿ, ಕೊನೆಗೆ ಹಣ್ಣಾದ ಬಾಳೆಯ ಸಿಪ್ಪೆಯ ಬಣ್ಣ. ಆ ಬಣ್ಣ ಬಂದ ಗಳಿಗೆಯಲ್ಲಿ ಸಾಕು ಅನ್ನಬೇಕು. ಒಂದು ಚೂರು ಮುಂಚೆ ಅಂದರೆ ಹೆಂಚು ಮಳೆಗೆ ಕರಗುತ್ತದೆ, ಒಂದು ಚೂರು ತಡವಾದರೆ ಸೊಟ್ಟಗಾಗುತ್ತದೆ. ಮಡಿಲು ತುಂಬಿದವಳು ಆವಿಗೆಯ ಮುಂದೆ ಸುಣ್ಣದಲ್ಲಿ ಎಳೆದ ಗೆರೆ ದಾಟುವಂತಿಲ್ಲ. ಕಾವಿಗೆ ಮಡಿಲು ಒಣಗುತ್ತದೆ. ಹಾಗಾಗಿ ಸಂಪಿ ಮಡಿಲಿಗೆ ಬಂದ ದಿನದಿಂದ ನಾನು ಮನೆಯಲ್ಲೇ ಕೂತೆ. ಮಣೆಯ ಮೇಲೆ ಆವಿಗೆಯ ಯಜಮಾನರ ಅಳಿಯ ಕೂತ. ಅವನ ಮೊದಲ ಆವಿಗೆ ಕೆಟ್ಟಿತು, ಎರಡನೆಯದೂ ಕೆಟ್ಟಿತು. ಮೂರನೆಯದು ಚೆನ್ನಾಗಿ ಬೆಂದಿತು.

ಆ ಮೂರನೆಯದೇ ನನ್ನನ್ನು ಕೆಡಿಸಿದ್ದು. ಹೆಂಚು ಇಳಿಸುವ ದಿನ ಗೆರೆಯ ಈಚೆ ನಿಂತು ನೋಡಿದೆ. ಈಚೆ ತಂದಿಟ್ಟ ಒಂದನ್ನು ಬೆರಳಿಂದ ತಟ್ಟಿದೆ, ಟಣ್ ಎಂದಿತು. ಯಜಮಾನರು ನನ್ನನ್ನು ಕಂಡು ಒಳ್ಳೆಯ ಮಾತನ್ನೇ ಆಡಿದರು. "ನಿಧಾನಕ್ಕೆ ಬಾರಮ್ಮ ರುದ್ರಾಣಿ, ಅವಸರ ಏನಿಲ್ಲ. ಹುಡುಗನಿಗೂ ಕೈ ಕುದುರ್ತಾ ಐತೆ." ಅವರು ಬೈದಿದ್ದರೆ ನಾನು ಮನೆಗೆ ಹೋಗಿ ಉಂಡು ಮಲಗುತ್ತಿದ್ದೆ. ನನ್ನ ಗಂಡ ಭರಮಪ್ಪ ದೋಣಿಯಲ್ಲಿ ಜೇಡಿಮಣ್ಣು ತರುವವನು, ತಿಂಗಳುಗಟ್ಟಲೆ ಹೊಳೆಯ ಮೇಲೆ ಇರುತ್ತಾನೆ. ಅವನ ದುಡಿಮೆಯಲ್ಲಿ ನಮಗೆ ಅನ್ನಕ್ಕೆ ತೊಂದರೆ ಇರಲಿಲ್ಲ. ಇದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಎಷ್ಟೋ ವರ್ಷ ನಾನು ನನಗೇ ಬೇರೆ ಕಥೆ ಹೇಳಿಕೊಂಡಿದ್ದೆ. ಹೊಟ್ಟೆಪಾಡಿಗೆ ಮಾಡಿದೆ ಎಂದು. ಹೊಟ್ಟೆಪಾಡು ಅಲ್ಲ. ನನ್ನ ಮಣೆಯ ಮೇಲೆ ಇನ್ನೊಬ್ಬನ ಕುಂಡೆ ಕಂಡದ್ದು ನನಗೆ ತಡೆಯಲಾಗಲಿಲ್ಲ.

ಕಾಯಿಲೆಯಾದ ತಾಯಂದಿರ, ತೀರಿಹೋದ ತಾಯಂದಿರ ಕೂಸುಗಳನ್ನು ಹೊಳೆಯಾಚೆಯ ದೇವೀರಕ್ಕ ತನ್ನ ಮಡಿಲಿಗೆ ತೆಗೆದುಕೊಳ್ಳುತ್ತಿದ್ದಳು. ಒಂದು ಇಳಿಯುವಷ್ಟರಲ್ಲಿ ಇನ್ನೊಂದು ಬರುತ್ತಿದ್ದುದರಿಂದ ಅವಳ ಹಾಲು ವರ್ಷಗಳಿಂದ ಕೊನೆಹಾಲಿನಲ್ಲೇ ನಿಂತುಬಿಟ್ಟಿತ್ತು. ಏಳು ಗಂಟಾದ ಕೂಸಾದರೆ ಯಾರ ಮಗುವಾದರೂ ಸರಿ, ಕಾರಣ ಕೇಳದೆ ತೆಗೆದುಕೊಳ್ಳುತ್ತಿದ್ದಳು. ಏಳರ ಒಳಗಿನದ್ದನ್ನು ಯಾರು ಕಾಲಿಗೆ ಬಿದ್ದರೂ ಮುಟ್ಟುತ್ತಿರಲಿಲ್ಲ. ಸಂಪಿಯ ದಾರದಲ್ಲಿ ಆಗ ಇದ್ದದ್ದು ನಾಲ್ಕು. ಮೂರು ತಿಂಗಳು ಕಾದಿದ್ದರೆ ಸಾಕಿತ್ತು. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಮಡಿಲೊಳಗೆ ಎರಡೂ ಕೈ ಇಳಿಸಿ, ಆ ಎಳೆ ದಾರಕ್ಕೆ ಇನ್ನೂ ಮೂರು ಗಂಟು ಹಾಕಿದೆ. ನನ್ನ ಬೆರಳಿಗೆ ಗೊತ್ತಿದ್ದದ್ದು ಆವಿಗೆಯ ಕಟ್ಟಿಗೆ ಹೊರೆಗೆ ಹಾಕುವ ಗಂಟು ಒಂದೇ. ಅದನ್ನೇ ಹಾಕಿದೆ. ಮನೆಮನೆಗೆ ಅವಸರದಲ್ಲಿ ಎಣಿಸುತ್ತ ಹೋಗುವ ಓಬಜ್ಜಿ ಗಂಟು ಯಾರ ಕೈಯದೆಂದು ಹುಡುಕುವವಳಲ್ಲ.

ಕಚ್ಚಿದ ಮೊಲೆಯಿಂದ ನಾಲ್ಕು ತಿಂಗಳ ಕೂಸನ್ನು ಬಿಡಿಸುವುದು ಸುಲಭವಲ್ಲ. ಬೆಚ್ಚಗಿನ ಹರಳೆಣ್ಣೆ ಸವರಿದೆ. ಸ್ವಲ್ಪ ಸ್ವಲ್ಪವೇ ಎಳೆದೆ. ಕೊನೆಗೆ ಬಿಟ್ಟಾಗ ಬೆರಳಿಗೆ ಎಣ್ಣೆಗಿಂತ ತೆಳ್ಳಗಿನ ಏನೋ ತಗುಲಿತು. ಅದು ರಕ್ತ ಎಂದು ಗೊತ್ತಿತ್ತು, ಬೆಳಕಿಗೆ ಹಿಡಿದು ನೋಡಲಿಲ್ಲ. ಸೀರೆಗೆ ಒರೆಸಿಕೊಂಡು, ಮಡಿಲು ಮುಚ್ಚಿ, ಹೊಳೆಯ ಮೇಲಿನ ಹಲಗೆ ಸೇತುವೆ ದಾಟಿದೆ.

ನಮ್ಮಲ್ಲಿ ಕೂಸನ್ನು ಒಂದು ಮಡಿಲಿಂದ ಇನ್ನೊಂದಕ್ಕೆ ದಾಟಿಸುವುದು ಕಂಬಳಿಯ ಒಳಗೆ, ಕತ್ತಲಲ್ಲಿ. ನಾವಿಬ್ಬರೂ ಒಂದೇ ಕಂಬಳಿ ಹೊದ್ದು ಎದುರುಬದುರು ಕೂತೆವು. ದೇವೀರಕ್ಕನ ಮೈಯಿಂದ ಹಸಿ ಬೆಣ್ಣೆಯ ವಾಸನೆ ಬರುತ್ತಿತ್ತು. ಅವಳ ಬೆರಳು ದಾರದ ಮೇಲೆ ಓಡಾಡಿತು.

"ಏಳು," ಅಂದಳು. "ನೋಡು ತಾಯಿ, ಮೊದ್ಲೇ ಹೇಳ್ತೀನಿ. ನಂದು ಕೊನೆಹಾಲು. ಏಳರ ಒಳಗಿನವು ಕುಡುದ್ರೆ ಸೋರೆಕಾಯಿ ಬೆಳ್ದಂಗೆ ಬೆಳೀತವೆ, ಆದ್ರೆ ಸರಿ ಹೋಗಲ್ಲ."

"ಸರಿ ಹೋಗಲ್ಲ ಅಂದ್ರೆ ಏನಾಗ್ತದಕ್ಕ?"

"ನಮ್ಮತ್ತೆ ಹೇಳೋಳು, ಏಣಿ ಇಡದೆ ಅಟ್ಟ ಹತ್ತಿಸಿದಂಗೆ ಅಂತ. ಹೆಚ್ಗೆ ನಂಗೂ ತಿಳೀದು." ಕೂಸನ್ನು ಅಂಗೈಯಲ್ಲಿ ತೂಗಿದಳು. "ಭಾಳ ಹಗುರ ಐತಲ್ಲೇ."

"ನಮ್ಮನೆ ಕಡೆ ಎಲ್ಲ ಹಗುರ ಕಣಕ್ಕ. ಇದರಪ್ಪನ್ನ ನೋಡಿಲ್ವ, ಜೋರು ಗಾಳಿ ಬಂದ್ರೆ ದೋಣಿ ಕಂಬ ತಬ್ಕೊಂಡು ನಿಂತ್ಕೋತಾನೆ."

ದೇವೀರಕ್ಕ ನಕ್ಕಳು. ಕಂಬಳಿಯೆಲ್ಲ ಕುಲುಕುವ ಹಾಗೆ ನಕ್ಕಳು. ನಾನೂ ನಕ್ಕೆ. ಆ ನಗು ಈಗಲೂ ಒಮ್ಮೊಮ್ಮೆ ನೆನಪಾಗಿ, ಬಟ್ಟೆ ಹಿಂಡುತ್ತಿರುವವಳು ಹಾಗೇ ನಿಂತುಬಿಡುತ್ತೇನೆ.

ಮರುದಿನ ಬೆಳಿಗ್ಗೆ ನಾನು ಗೆರೆ ದಾಟಿದೆ. ಯಜಮಾನರ ಅಳಿಯ ಮಣೆ ಬಿಟ್ಟು ಎದ್ದ, ತನ್ನ ಟವೆಲಿನಿಂದ ಅದನ್ನು ಒರೆಸಿಯೂ ಕೊಟ್ಟ. ಒಳ್ಳೆಯ ಹುಡುಗ. ನನ್ನ ನಡುಹಾಲು ನಿಲ್ಲಲಿಲ್ಲ, ಕುಪ್ಪಸದ ಕೆಳಗೆ ಒದ್ದೆ ಮಾಡುತ್ತಲೇ ಇತ್ತು. ಹಾಲು ಬತ್ತಿಸಲು ಮಾಡುವ ಹಾಗೆ ಮಡಿಲ ತುಂಬ ಮಲ್ಲಿಗೆ ಹೂ ತುಂಬಿ ಬಟ್ಟೆ ಬಿಗಿದುಕೊಂಡೆ. ಎಂಟು ದಿನಕ್ಕೆ ಬತ್ತಿತು. ಈಗ ಯಾರಾದರೂ ಮುಡಿಯಲು ಮಲ್ಲಿಗೆ ಕೊಟ್ಟರೆ ತಲೆನೋವು ಅನ್ನುತ್ತೇನೆ.

ಸಂಪಿ ಬೆಳೆದಳು. ನಾಲ್ಕೇ ತಿಂಗಳಲ್ಲಿ ದೇವೀರಕ್ಕನ ಮಡಿಲ ಅಂಚಿಗೆ ಗಲ್ಲ ಊರಿ ಹೊರಗೆ ನೋಡುವಷ್ಟಾದಳು. ಜೊತೆಯ ಕೂಸುಗಳಿಗಿಂತ ದಪ್ಪ, ತಲೆ ತುಂಬ ಕೂದಲು, ಕಾಲು ಬಲ. ಕಟ್ಟೆಯ ಮೇಲೆ ಇಳಿಸಿದ ದಿನ ಹೆಂಗಸರೆಲ್ಲ ಕೆನ್ನೆ ಹಿಂಡಿ, "ದೇವೀರಕ್ಕನ ಹಾಲಂದ್ರೆ ಹಾಲು" ಅಂದರು. ಕೂಸು ನೆಲಕ್ಕೆ ತಾಗಿದ ಗಳಿಗೆಯಲ್ಲಿ ಹಿಂದಿನಿಂದ ಹೇಳದೆ ಕೇಳದೆ ತಮಟೆ ಬಾರಿಸುವುದು ನಮ್ಮ ಪದ್ಧತಿ. ಕೂಸು ಬೆಚ್ಚಿ ಕೈ ಚಾಚಬೇಕು, ತಾಯಿ ಎತ್ತಿಕೊಳ್ಳಬೇಕು, ಎಲ್ಲರೂ ನಗಬೇಕು. ತಮಟೆ ಬಾರಿಸಿದರು. ನೆರೆದವರೆಲ್ಲ, ಗೊತ್ತಿದ್ದೂ, ಬೆಚ್ಚಿದರು. ಸಂಪಿ ತನ್ನ ಕಾಲ ಬೆರಳು ನೋಡುತ್ತ ಕೂತಿದ್ದಳು. ಯಾರಾದರೂ ಗಮನಿಸುವ ಮೊದಲು ನಾನು ಅವಳ ಬೆನ್ನ ಹಿಂದೆ ಕೈ ಹಾಕಿ ಚಿವುಟಿದೆ. ಅತ್ತಳು. ಎಲ್ಲರೂ ನಕ್ಕರು. ಆಮೇಲೆ ಓಬಜ್ಜಿ ಉಡಿದಾರ ಕತ್ತರಿಸಿ ನನ್ನ ಕೈಗೆ ಕೊಟ್ಟಳು. ಅದನ್ನು ಮನೆಯ ಉಪ್ಪಿನ ಗಡಿಗೆಯ ಹಿಂದೆ ಬಚ್ಚಿಟ್ಟೆ.

ಭರಮಪ್ಪ ದೋಣಿಯಿಂದ ಬಂದಾಗ ಸಂಪಿ ಅಂಗಳದಲ್ಲಿ ಹೆಜ್ಜೆ ಇಡುತ್ತಿದ್ದಳು. ಅವನು ಹೊಸ್ತಿಲ ಮೇಲೆ ಕೂತು ಬೆರಳು ಮಡಿಸಿ ತಿಂಗಳು ಎಣಿಸಿದ. ಹನ್ನೊಂದಕ್ಕೆ ಹೋಗಲಿಲ್ಲ, ಎಂಟನೆಯ ಬೆರಳಿಗೆ ಬಂದು ನಿಂತ. ನನ್ನ ಮುಖ ನೋಡಿದ. ಆಮೇಲೆ ಬೆರಳು ಬಿಡಿಸಿ, ಮಗಳ ಹೆಜ್ಜೆ ನೋಡಿ, "ಕಾಲು ನನ್ನವೇ," ಎಂದು ಅಷ್ಟೇ ಅಂದ. ಅವನು ಇವತ್ತಿನವರೆಗೂ ಕೇಳಿಲ್ಲ. ಕೇಳದೆ ಇರುವವನ ಜೊತೆ ಒಂದೇ ತಟ್ಟೆಯ ಮುಂದೆ ಕೂರುವುದು ಬೈಯುವವನ ಜೊತೆ ಕೂರುವುದಕ್ಕಿಂತ ಕಷ್ಟ.

ಎರಡು ವರ್ಷದ ಹೊತ್ತಿಗೆ ಮುಚ್ಚಿಡಲಾಗಲಿಲ್ಲ. ಒಂದು ದಿನ ಸಂಪಿ ಗೆರೆ ದಾಟಿ ಬಂದು ನನ್ನ ಪಕ್ಕದಲ್ಲಿ ಆವಿಗೆಯ ಗೋಡೆಗೆ ಅಂಗೈ ಊರಿ ನಿಂತಳು. ನಾನು ಕಂಡಿಯೊಳಗೆ ಬಣ್ಣ ನೋಡುತ್ತಿದ್ದೆ. "ಅವ್ವಾ, ಬಿಸಿ ಐತೆ," ಅಂದಳು, ಮಳೆ ಬರ್ತಾ ಐತೆ ಅನ್ನುವ ಹಾಗೆ. ಹೂಂ ಅಂದೆ. "ಭಾಳ ಬಿಸಿ ಐತೆ ಅವ್ವ." ತಿರುಗಿ ನೋಡಿದಾಗ ಕೈ ಇನ್ನೂ ಗೋಡೆಯ ಮೇಲೆಯೇ ಇತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನೋವು ಗೊತ್ತಾಗುತ್ತಿತ್ತು. ಕೈ ಹಿಂದೆಗೆಯಬೇಕೆಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ. ನಾನೇ ಕಿತ್ತೆ. ಆ ಅಂಗೈಯಲ್ಲಿ ಈಗಲೂ ಗೆರೆಗಳಿಲ್ಲ. ಆಮೇಲೆ ಒಂದೊಂದೇ ಕಾಣತೊಡಗಿತು. ಹಲ್ಲು ಕಿರಿದ ನಾಯಿಯ ಬಾಯಿಗೆ ಕೈ ಹಾಕುವುದು, ತುಂಬಿದ ಹೊಳೆಯ ಅಂಚಿಗೆ ನಡೆದುಹೋಗುವುದು, ಗುಡುಗಿಗೆ ನಿದ್ದೆಯಲ್ಲಿ ಕದಲದೆ ಇರುವುದು. ಆಗ ನನಗೆ ತಿಳಿಯಿತು, ನೀಲಿ ಹಾಲು ಯಾವುದಕ್ಕೆ ಎಂದು.

ನೀರಿನ ಕಟ್ಟೆಯಲ್ಲಿ ಮಾತು ಶುರುವಾಯಿತು. "ದೇವೀರಿ ಹಾಲು ಕುಡುದ್ ಕೂಸು ಬೆಚ್ಚಲ್ವಂತೆ." "ಹಾಲು ಕೆಟ್ಟಿತ್ತು ಅಂತೀನಿ. ಎಷ್ಟು ವರ್ಷ ಅಂತ ಒಂದೇ ಹಾಲು ನಿಂತಿರ್ತದೆ, ಕೆರೆ ನೀರೇ ಕೆಡ್ತದೆ." ಅವರಲ್ಲೊಬ್ಬಳು ನನ್ನ ಕೊಡಕ್ಕೆ ನೀರು ತುಂಬಿಸುತ್ತ, "ನೀನೇನು ಮಾಡ್ತೀಯವ್ವ, ನಂಬಿ ಕೊಟ್ಟೆ," ಅಂದಳು. ಅಲ್ಲಿ ಸುಮ್ಮನಿರಬಹುದಿತ್ತು. ಸುಮ್ಮನಿದ್ದಿದ್ದರೂ ಪಾಪವೇ, ಆದರೆ ಚಿಕ್ಕ ಪಾಪ. ನಾನು ಸೆರಗಿನಿಂದ ಮೂಗು ಒರೆಸಿಕೊಂಡು, "ಹೂಂ ಕಣಕ್ಕ, ನಂಬಿ ಕೊಟ್ಟೆ," ಅಂದೆ.

ಅಷ್ಟು ಸಾಕಾಯಿತು. ದೇವೀರಕ್ಕನ ಮಡಿಲಿಗೆ ಮತ್ತೆ ಯಾರೂ ಕೂಸು ಕೊಡಲಿಲ್ಲ. ಕುಡಿಯುವ ಬಾಯಿಲ್ಲದೆ ಅವಳ ಹಾಲು ಒಂದು ಮಳೆಗಾಲದಲ್ಲಿ ಬತ್ತಿತು. ಕೌದಿ ಹೊಲಿದು ಬದುಕತೊಡಗಿದಳು. ಕೂಸು ಇಳಿಸುವ ದಿನ ಅವಳನ್ನು ಕಟ್ಟೆಯ ಮೇಲೆ ಹತ್ತಬೇಡ ಅಂದರು. ಅವಳು ಮೆಟ್ಟಿಲ ಕೆಳಗೆ, ಎಲ್ಲರೂ ಬಿಟ್ಟ ಚಪ್ಪಲಿಗಳ ಹತ್ತಿರ ಕೂರತೊಡಗಿದಳು. ನಾಯಿ ಎಳೆದುಕೊಂಡು ಹೋಗದಂತೆ ಚಪ್ಪಲಿ ನೋಡಿಕೊಳ್ಳುತ್ತೇನೆ ಅನ್ನುತ್ತಿದ್ದಳು. ನಾನು ಅವಳ ಮುಂದೆಯೇ ಚಪ್ಪಲಿ ಬಿಟ್ಟು ಐದು ವರ್ಷ ಆ ಮೆಟ್ಟಿಲು ಹತ್ತಿದ್ದೇನೆ. ಒಂದೇ ಒಂದು ಸಲ ಅವಳು ತಲೆಯೆತ್ತಿ ನನ್ನ ನೋಡಿದಳು. ನಾನು ಸೆರಗು ಸರಿಮಾಡಿಕೊಂಡೆ.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಅನ್ನಿಸಿತ್ತು. ಆದರೆ ಸುಳ್ಳುಗಂಟಿನ ಕೂಸು ಎಂದು ಒಮ್ಮೆ ಹೆಸರು ಬಂದರೆ ಅದು ಸಾಯುವವರೆಗೂ ಹೋಗುವುದಿಲ್ಲ. ಮಗುವಿಗಾಗಿ ಸುಮ್ಮನಿದ್ದೇನೆ ಎಂದುಕೊಂಡೆ. ಆ ಮಾತು ಬಹಳ ಕಾಲ ನನಗೆ ತಲೆದಿಂಬಿನ ಹಾಗೆ ಒದಗಿತು.

ಇನ್ನು ಆ ಒಂಬತ್ತನೆಯ ದಿನ. ಆವಿಗೆ ಆರಲು ಬಿಟ್ಟಿದ್ದರಿಂದ ಮಧ್ಯಾಹ್ನವೇ ಮನೆಗೆ ಬಂದೆ. ಸಂಪಿ ಇರಲಿಲ್ಲ. ಪಕ್ಕದ ಮನೆಯಾಕೆ, ದಿನಾ ಊಟ ಮಾಡಿ ಹಲಗೆ ಸೇತುವೆ ಕಡೆ ಹೋಗ್ತಾಳಲ್ಲ, ನಿಂಗೊತ್ತಿಲ್ವ ಅಂದಳು. ಓಡಿದೆ. ದೇವೀರಕ್ಕನ ಹಿತ್ತಲಿನ ಬೇಲಿಯ ಹತ್ತಿರ ಟಣ್ ಎಂದು ಸದ್ದು ಕೇಳಿ ನಿಂತೆ.

ದೇವೀರಕ್ಕ ತೊಡೆಯ ಮೇಲೆ ಕೌದಿ ಹರವಿಕೊಂಡು ಕೂತಿದ್ದಳು. ಪಕ್ಕದಲ್ಲಿ ಒಂದು ಹಿತ್ತಾಳೆ ತಟ್ಟೆ, ಒಂದು ಕೋಲು. ಎದುರಿಗೆ ಸಂಪಿ, ಹೆಗಲು ಎತ್ತಿ ಇಳಿಸುತ್ತಿದ್ದಳು.

"ತಡ ಆಯ್ತು," ಅಂದಳು ದೇವೀರಕ್ಕ. "ಯಾರನ್ನ ನೋಡ್ದೆ?"

"ಕೋಳಿ ನೋಡ್ದೆ ಅಜ್ಜಿ. ನೀನು ಬೆಚ್ಚಲಿಲ್ಲ."

"ನಾನೇ ಹೊಡೆದು ನಾನೇ ಬೆಚ್ಚಕ್ಕಾಯ್ತದ? ಕೋಳಿನೂ ಆಗ್ತದೆ ಬಿಡು. ಯಾರಿದ್ರೆ ಅವ್ರನ್ನ ನೋಡು. ಯಾರೂ ಇಲ್ದಿದ್ರೆ?"

"ಹತ್ತು ಹೆಜ್ಜೆ ಹಿಂದಕ್ಕೋಗಿ ಆಮೇಲೆ ಏನದು ಅಂತ ನೋಡೋದು."

"ಪಾತ್ರೆ ಮುಟ್ಟೋ ಮುಂಚೆ?"

"ಉಗುಳು ಹಚ್ಚಿದ ಬೆರಳು ಹತ್ರ ಹಿಡಿಯೋದು. ಉಗುಳು ಒಣಗಿದ್ರೆ ಮುಟ್ಟಬಾರದು."

"ನಾಯಿ ಹಲ್ಲು ತೋರ್ಸಿದ್ರೆ?"

"ಅದು ನಗ್ತಾ ಇಲ್ಲ."

"ಹೊಳೆ?"

"ಚೆಂದ ಐತೆ ಅನ್ಸಿದ್ರೆ ಅವ್ವನ್ನ ಕರ್ಕೊಂಡು ಹೋಗೋದು."

ನಾನು ಬೇಲಿ ದಾಟಿ ಒಳಗೆ ಹೋದೆ. ದೇವೀರಕ್ಕ ನನ್ನನ್ನು ನೋಡಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. "ಹೋಗು ಮಗ, ಅವ್ವಂಗೆ ಕುಡಿಯೋಕೆ ನೀರು ತಾ," ಎಂದು ಸಂಪಿಯನ್ನು ಒಳಗೆ ಕಳಿಸಿದಳು. ಕೂರು ಅನ್ನಲಿಲ್ಲ. ನಾನೇ ನೆಲದ ಮೇಲೆ ಕೂತೆ.

"ಯಾವಾಗಿಂದ ಗೊತ್ತಕ್ಕ ನಿಂಗೆ?"

"ಮೂರನೇ ದಿನದಿಂದ. ತುಟಿ ಮೇಲೆ ಹಕ್ಕಳೆ ಸಿಕ್ತು ಬೆರಳಿಗೆ. ಏಳು ಗಂಟಿನ ಕೂಸು ತಾನೇ ಬಿಡ್ತದೆ, ಹಕ್ಕಳೆ ಯಾಕಾಗ್ತದೆ? ಆಮೇಲೆ ಕಿವಿ ಮುಟ್ದೆ. ತಲೆಗೇ ಅಂಟ್ಕೊಂಡಿದ್ವು, ಇನ್ನೂ ಬಿಟ್ಟಿರಲಿಲ್ಲ."

"ಆವಾಗ್ಲೇ ವಾಪಸ್ ಕೊಡಬೋದಿತ್ತಲ್ಲ."

"ಆವಾಗ್ಲೇ ನನ್ನ ಕಚ್ಕೊಂಡಿತ್ತು. ಇನ್ನೊಂದ್ ಸಲ ಕೀಳೋದ? ಬಾಯಿ ಏನಾಗ್ಬೇಕು?" ಅವಳ ದನಿ ಅಲ್ಲಿ ಮಾತ್ರ ಸ್ವಲ್ಪ ಏರಿತು. "ನಿನ್ನ ನಡುಹಾಲು ಇರ್ತದೇನೋ, ಹಿಂಡಿಸ್ಕೊಂಡು ಬಂದು ಬಾಯಂಚಿಗೆ ಹನಿಸೋಣ ಅಂತ ಎಂಟನೇ ದಿನ ನಿಮ್ಮನೆ ಬಾಗ್ಲಿಗೆ ಬಂದೆ. ಬೀದಿಗೆಲ್ಲ ಮಲ್ಲಿಗೆ ವಾಸನೆ ಬರ್ತಿತ್ತು. ಹಂಗೇ ತಿರುಗ್ದೆ."

"ಊರವ್ರು ನಿನ್ನನ್ನ ಅಂದಾಗ ಯಾಕೆ ಹೇಳ್ಲಿಲ್ಲ?"

"ಹೇಳಿ? ಸುಳ್ಳುಗಂಟಿನ ಕೂಸು ಅನ್ನಲಿ ಅಂತ್ಲಾ? ಹಾಲು ಕೆಟ್ಟಿತ್ತು ಅಂದ್ರೆ ದೂರು ಹಾಲಿಗೋಯ್ತು. ನಂಗೂ ವಯಸ್ಸಾಗಿತ್ತು." ಕೌದಿಯ ದಾರ ಹಲ್ಲಿನಿಂದ ಕಡಿದಳು. "ನೀನೇ ಹೇಳ್ತೀಯೇನೋ ಅಂತ ಒಂದೆರಡು ವರ್ಷ ಕಾದೆ. ಆಮೇಲೆ ಕಾಯೋದು ಬಿಟ್ಟು ತಟ್ಟೆ ತಗೊಂಡೆ."

ಸಂಪಿ ನೀರು ತಂದಳು. ಲೋಟದ ಹತ್ತಿರ ಬೆರಳು ಹಿಡಿದು, ಬಿಸಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕೈಗೆ ಕೊಟ್ಟಳು.

ದಾರಿಯಲ್ಲಿ, ಹಲಗೆ ಸೇತುವೆಯ ಮೇಲೆ ಅವಳ ಕೈ ಬಿಗಿಯಾಗಿ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಮಕ್ಕಳಿಗೆ ಹೇಳುವ ಮಾತಲ್ಲ, ಆದರೂ ಹೇಳಿದೆ. ಗಂಟಿನ ವಿಷಯ, ಮಣೆಯ ವಿಷಯ. ಎಲ್ಲರ ಮುಂದೆ ಹೇಳಿದರೆ ನಿನ್ನನ್ನು ಯಾರೂ ಆಟಕ್ಕೆ ಕರೆಯದೆ ಇರಬಹುದು ಅಂದೆ.

"ಈಗ್ಲೂ ಆಟಕ್ಕೆ ಕರೆಯಲ್ಲ ಅವ್ವ," ಅಂದಳು. "ಹಿಂದಿಂದ ಬಂದು ಭೋ ಅಂತಾರೆ. ನಾನು ಬೆಚ್ಚಿಲ್ಲ ಅಂತ ನಗ್ತಾರೆ. ಅದಕ್ಕೇ ಅಜ್ಜಿ ಹೇಳ್ಕೊಟ್ಟಿದ್ದು." ಆಮೇಲೆ ಕೇಳಿದಳು, "ಹೇಳಿದ್ರೆ ಅಜ್ಜಿ ಕಟ್ಟೆ ಮೇಲೆ ಕೂತ್ಕೋಬೋದಾ?"

ತಲೆದಿಂಬು ಹೋಯಿತು.

ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಕಟ್ಟೆಯ ಮೇಲೆ ಮೂರು ಕೂಸು ಇಳಿಸುವುದಿತ್ತು. ಉಪ್ಪಿನ ಗಡಿಗೆಯ ಹಿಂದಿನಿಂದ ಉಡಿದಾರ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು ಹೋದೆ. ದೇವೀರಕ್ಕ ಚಪ್ಪಲಿಗಳ ಹತ್ತಿರ ಕೂತಿದ್ದಳು. ಸಂಪಿ ನನ್ನ ಕೈ ಬಿಟ್ಟು ಅವಳ ಪಕ್ಕದಲ್ಲಿ ಕೂತಳು. ನಾನು ಮೆಟ್ಟಿಲು ಹತ್ತಿ, ಹೆಂಗಸರ ನಡುವೆ ದಾರಿ ಮಾಡಿಕೊಂಡು, ಓಬಜ್ಜಿಯ ಅಂಗೈಯಲ್ಲಿ ದಾರ ಇಟ್ಟೆ.

"ಯಾರ್ದಿದು?" ಅಂದಳು ಓಬಜ್ಜಿ. ಈಗ ಅವಳಿಗೆ ಸ್ವಲ್ಪವೂ ಕಾಣುವುದಿಲ್ಲ.

"ನಮ್ಮ ಸಂಪಿದು ಅಜ್ಜಿ. ಎಣಿಸು."

ಮುದುಕಿಯ ಬೆರಳು ದಾರದ ಮೇಲೆ ನಡೆಯಿತು. ಒಂದು, ಎರಡು, ಮೂರು, ನಾಲ್ಕು. ಐದರಲ್ಲಿ ನಿಂತಿತು. ಹಿಂದಕ್ಕೆ ಹೋಗಿ ನಾಲ್ಕನೆಯದನ್ನು ಮುಟ್ಟಿತು, ಮತ್ತೆ ಐದಕ್ಕೆ ಬಂತು.

"ಇವು ನಾಲ್ಕು ನನ್ನವು," ಅಂದಳು. "ಇವು ಯಾರ ಕೈ? ಸೌದೆ ಹೊರೆ ಕಟ್ದಂಗೈತಲ್ಲ."

"ನನ್ನ ಕೈ," ಅಂದೆ. "ದೇವೀರಕ್ಕನ ಹಾಲಲ್ಲಿ ಏನೂ ಕೆಟ್ಟಿರಲಿಲ್ಲ. ನಾಲ್ಕು ಗಂಟಿನ ಕೂಸನ್ನ ಏಳು ಅಂತ ಕೊಟ್ಟೆ. ಅವಳಿಗೆ ಹೇಳ್ಲಿಲ್ಲ. ನಿಮ್ಗೂ ಹೇಳ್ಲಿಲ್ಲ."

ನೀರಿನ ಕಟ್ಟೆಯಲ್ಲಿ ನನ್ನ ಕೊಡ ತುಂಬಿಸಿಕೊಟ್ಟವಳು ತನ್ನ ಮಡಿಲನ್ನು ಸೆರಗಿನಿಂದ ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಉಳಿದವರೂ ಸರಿದರು. ನನ್ನ ಸುತ್ತ ಒಂದು ಚಾಪೆಯಗಲ ಜಾಗ ಖಾಲಿಯಾಯಿತು. ಬೈಯುತ್ತಾರೆ ಎಂದು ಕಾದೆ. ಓಬಜ್ಜಿ ದಾರವನ್ನು ಮಡಚಿ ನನ್ನ ಕೈಗೇ ಇಟ್ಟಳು. ಆಮೇಲೆ ಮೆಟ್ಟಿಲ ಕಡೆ ಮುಖ ಮಾಡಿ, "ದೇವೀರೀ, ಮೇಲೆ ಬಾ," ಎಂದು ಕೂಗಿದಳು.

ಕೆಳಗಿನಿಂದ ಉತ್ತರ ಬಂತು. "ಇಲ್ಲೇ ಚೆನ್ನಾಗೈತೆ ಬಿಡಜ್ಜಿ. ನಾನ್ ಬಂದ್ರೆ ಚಪ್ಪಲಿ ಯಾರು ನೋಡ್ತಾರೆ?"

ಅದರಲ್ಲಿ ತಮಾಷೆ ಎಷ್ಟಿತ್ತೋ, ಐದು ವರ್ಷದ್ದು ಎಷ್ಟಿತ್ತೋ. ಒಬ್ಬಳೂ ನಗಲಿಲ್ಲ. ನಾನು ಮೆಟ್ಟಿಲಿಳಿದೆ. "ನಾನು ನೋಡ್ತೀನಿ ಅಕ್ಕ," ಅಂದೆ. ಅವಳು ನನ್ನ ಮುಖ ನೋಡಲಿಲ್ಲ. ಮಂಡಿಗೆ ಕೈಯೂರಿ ಎದ್ದು, ಕೂತಿದ್ದ ಜಾಗದ ಧೂಳನ್ನು ಸೀರೆಯಿಂದ ಕೊಡವಿಕೊಂಡು, ಸಂಪಿಯ ಕೈ ಹಿಡಿದು ಮೆಟ್ಟಿಲು ಹತ್ತಿದಳು. ನಾನು ಅವಳು ಬಿಟ್ಟ ಜಾಗದಲ್ಲಿ ಕೂತೆ. ಕಲ್ಲು ಇನ್ನೂ ಬೆಚ್ಚಗಿತ್ತು.

ಆವಿಗೆಯ ಮಣೆ ಈಗಲೂ ನನ್ನದೇ. ಯಜಮಾನರಿಗೆ ಮಡಿಲಿನ ವಿಷಯ ಅರ್ಥವಾಗುವುದಿಲ್ಲ, ಹೆಂಚು ಸರಿಯಾಗಿ ಬೆಂದರೆ ಸಾಕು. ಅದನ್ನು ಯಾರಾದರೂ ನನ್ನಿಂದ ಕಿತ್ತುಕೊಂಡಿದ್ದರೆ ಚೆನ್ನಾಗಿತ್ತೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನೀರಿನ ಕಟ್ಟೆಯಲ್ಲಿ ನನ್ನ ಕೊಡವನ್ನು ನಾನೇ ತುಂಬಿಸಿಕೊಳ್ಳುತ್ತೇನೆ. ಸಂಪಿಯನ್ನು ಕೆಲವರು ಆ ಸುಳ್ಳುಗಂಟಿನ ಹೆಸರಿನಿಂದ ಕರೆಯುತ್ತಾರೆ, ಅದೂ ನನ್ನ ಕಿವಿಗೆ ಬಿದ್ದಿದೆ. ದೇವೀರಕ್ಕನ ಬತ್ತಿದ ಹಾಲು ಬತ್ತಿದ್ದೇ.

ಆದರೆ ಆ ದಿನ ನಾನು ಚಪ್ಪಲಿಗಳ ನಡುವೆ ಕೂತಿದ್ದೆ. ಅಲ್ಲಿಂದ ಕಟ್ಟೆಯ ಮೇಲಿನವರ ಮುಖ ಕಾಣುವುದಿಲ್ಲ, ಸೀರೆಯ ಅಂಚು ಮತ್ತು ಪಾದ ಮಾತ್ರ ಕಾಣುತ್ತವೆ. ಐದು ವರ್ಷ ದೇವೀರಕ್ಕ ನೋಡಿದ್ದು ಇಷ್ಟನ್ನೇ ಎಂದು ಆಗ ತಿಳಿಯಿತು. ಸಾಲಿನ ಅಂಚಿನಲ್ಲಿ ಅವಳ ಬಿರುಕುಬಿಟ್ಟ ಹಿಮ್ಮಡಿಗಳಿದ್ದವು, ಪಕ್ಕದಲ್ಲಿ ಸಂಪಿಯವು. ಮೊದಲ ಕೂಸನ್ನು ನೆಲಕ್ಕೆ ಇಳಿಸಿದರು. ತಮಟೆ ಬಾರಿಸಿದರು. ನಾನು ಬೆಚ್ಚಿದೆ. ಮೇಲೆ ಕಟ್ಟೆಯ ತುಂಬ ಎಲ್ಲರ ಹಿಮ್ಮಡಿಗಳೂ ಒಟ್ಟಿಗೇ ಎದ್ದು ಒಟ್ಟಿಗೇ ಇಳಿದವು. ದೇವೀರಕ್ಕನವು ಮಾತ್ರ ಏಳಲಿಲ್ಲ. ಅವು ಒಂದು ಉಸಿರಿನಷ್ಟು ಹೊತ್ತು ಕಾದವು. ಆಮೇಲೆ ಸಂಪಿಯ ಹಿಮ್ಮಡಿಗಳ ಜೊತೆಗೆ ಎದ್ದವು.